ಎಸ್ತೆರ್ ಮೊಂತೇರೊ ನಂಬದ ಗೋಡೆ

ಎಸ್ತೆರ್ ಮೊಂತೇರೊ ಅವರು ಬಂಗುಡೆಯ ಕಿವಿರು ಎತ್ತಿ ನೋಡದೆ ಒಂದು ದಿನವೂ ಮೀನು ಕೊಂಡವರಲ್ಲ. ಕಿವಿರು ಕೆಂಪಗಿದ್ದರೂ ಸಾಲದು, ಆ ಕೆಂಪು ಮೀನಿನದೇ ಹೌದೋ ಎಂದು ಬೆರಳಲ್ಲಿ ಉಜ್ಜಿ ನೋಡಬೇಕು. ಫಳ್ನೀರಿನ ಅವರ ಫ್ಲ್ಯಾಟಿನ ಬಾಗಿಲಿಗೆ ಬುಟ್ಟಿ ಹೊತ್ತು ಬರುವ ಹೆಂಗಸು ಇದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟು ವರ್ಷಗಳೇ ಆಗಿವೆ. ಬುಟ್ಟಿ ಇಳಿಸಿ, "ಉಜ್ಜಿ ಬಾಯಮ್ಮ, ಉಜ್ಜಿ, ನಾನು ಅಷ್ಟು ಹೊತ್ತು ಕೂತುಕೊಳ್ತೇನೆ" ಎನ್ನುತ್ತಾಳೆ.

ಇಂಥವರಿಗೆ ಸಿಕ್ಕಿದ ಕೆಲಸವೂ ಅಂಥದ್ದೇ ಎನ್ನಿ. ನಾನೂರು ಐನೂರು ವರ್ಷದ ಹಿಂದೆ ದೇವಸ್ಥಾನ, ಬಸದಿ, ಮಠಗಳ ಗೋಡೆಯ ಮೇಲೆ ಬರೆದ ಚಿತ್ರಗಳನ್ನು ನೋಡಿ, ಇದು ಯಾವ ಕಾಲದ್ದು, ನಿಜವಾಗಿ ಹಳೆಯದೋ ಇಲ್ಲ ಯಾರೋ ಮೊನ್ನೆ ಬರೆದು ಹೊಗೆ ಹಿಡಿಸಿದ್ದೋ ಎಂದು ಹೇಳುವ ಕೆಲಸ. ಈ ಹುಚ್ಚು ಹತ್ತಿದ್ದು ಎಂ.ಎ. ಓದುವಾಗ. ಪ್ರವಾಸಕ್ಕೆ ಕರೆದುಕೊಂಡು ಹೋದ ಮೇಷ್ಟ್ರು ಒಂದು ಹಳೆಯ ಮಂಟಪದ ಕೆಳಗೆ ನಿಂತು, "ಇದು ವಿಜಯನಗರ ಕಾಲದ ಚಿತ್ರ" ಎಂದರು. ಎಲ್ಲರೂ ಬರೆದುಕೊಂಡರು. ಎಸ್ತೆರ್ ಒಬ್ಬರೇ "ಅದು ಹೇಗೆ ಗೊತ್ತಾಯ್ತು ಸರ್?" ಎಂದರು. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರಿಗೆ ಅವರ ಮೇಷ್ಟ್ರು ಹೇಳಿದ್ದರು, ಅಷ್ಟೇ. ವಾಪಸ್ಸು ಬರುವ ಬಸ್ಸಿನಲ್ಲಿ ಕೂತು ಆ ಹುಡುಗಿ ತೀರ್ಮಾನಿಸಿಬಿಟ್ಟಳು: ಇನ್ನು ಮುಂದೆ ಯಾರ ಬಾಯಿಮಾತನ್ನೂ ನಂಬಬಾರದು.

ನಂಬಲೂ ಇಲ್ಲ. ನಗರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತ, ಶನಿವಾರ ಭಾನುವಾರ ಸಿಕ್ಕಿದ ಬಸ್ಸು ಹತ್ತಿ ಊರೂರು ಸುತ್ತಿದರು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದರು, ಬಾವಲಿಯ ಹಿಕ್ಕೆ ಕೆರೆದು ಅದರಡಿಯ ಬಣ್ಣ ನೋಡಿದರು. ಮದುವೆಯ ಮಾತೂ ಒಮ್ಮೆ ಬಂದಿತ್ತು. ಹುಡುಗನಿಗೆ ದುಬೈಯಲ್ಲಿ ದೊಡ್ಡ ಕೆಲಸ ಎಂದರು. ಎಸ್ತೆರ್ ತಾವೇ ಅಲ್ಲಿನ ಪರಿಚಯದವರಿಗೆ ಕಾಗದ ಬರೆದು ವಿಚಾರಿಸಿ, ಅಂಥ ಕೆಲಸವೇ ಇಲ್ಲವೆಂದು ಪತ್ತೆಮಾಡಿದರು. ಆಮೇಲೆ ಬಂದ ಒಳ್ಳೆಯ ಹುಡುಗರೂ ಆ ಸುದ್ದಿ ಕೇಳಿ ದೂರದಿಂದಲೇ ಕೈ ಮುಗಿದರು. ಈಗ ಮನೆಯಲ್ಲಿ ಅವರು ಮತ್ತು ಪಣಂಬೂರಿನ ಬಂದರಿನಲ್ಲಿ ದುಡಿದು ನಿವೃತ್ತರಾದ, ಹೆಂಡತಿಯನ್ನು ಕಳೆದುಕೊಂಡ ಅಣ್ಣ ಆಂಬ್ರೋಸ್, ಇಬ್ಬರೇ.

ಅವರ ಹೆಸರು ನಾಲ್ಕು ಜನರಿಗೆ ಗೊತ್ತಾದದ್ದು 2003ರಲ್ಲಿ ಬರೆದ ಒಂದು ವರದಿಯಿಂದ. ಸುರತ್ಕಲ್ಲಿನ ಹತ್ತಿರ ಆಳ್ವರ ಕುಟುಂಬದ ಒಂದು ಹಳೆಯ ಗುಡಿ. ಆಗ ಮನೆಯ ಯಜಮಾನರಾಗಿದ್ದವರು ದೂಮಣ್ಣ ಆಳ್ವರು. ಗುಡಿಯ ಮುಂದಿನ ಮಂಟಪದ ಗೋಡೆಯಿಂದ ಸುಣ್ಣ ಹೊಪ್ಪಳೆಯೆದ್ದು ಬಿದ್ದಾಗ ಅದರಡಿಯಲ್ಲಿ ಕುದುರೆಗಳು ಕಂಡವು. ಹಡಗಿನಿಂದ ಇಳಿಯುವ ಕುದುರೆಗಳು, ಎತ್ತರದ ಟೋಪಿ ಹಾಕಿದ ಸವಾರರು. ದೂಮಣ್ಣ ಆಳ್ವರು ಖುಷಿಯಿಂದ ಊರಿಗೆಲ್ಲ ತೋರಿಸಿ, ಇದನ್ನು ಸರಕಾರ ಕಾಪಾಡಬೇಕು ಎಂದು ಅರ್ಜಿ ಹಾಕಿದರು. ನೋಡಿ ಹೇಳಲು ಇಲಾಖೆ ಕಳಿಸಿದ್ದು ಎಸ್ತೆರ್ ಅವರನ್ನು.

ಎಸ್ತೆರ್ ನೋಡಿದರು. ಕಾವಿಯ ಕೆಂಪು, ಮಸಿಯ ಕಪ್ಪು, ಮಣ್ಣಿನ ಹಳದಿ, ಎಲ್ಲ ಸರಿಯಿತ್ತು. ಆದರೆ ಅಲ್ಲಲ್ಲಿ ನೀಲಿಯೂ ಇತ್ತು. ಎದ್ದುಕೊಂಡಿದ್ದ ಒಂದು ಕೆಂಪು ಚಕ್ಕೆಯನ್ನು ಸೂಜಿಯಿಂದ ಎತ್ತಿದರೆ ಅದರ ಅಡಿಯಲ್ಲೂ ನೀಲಿ. ಕೆರೆದು ಪ್ರಯೋಗಾಲಯಕ್ಕೆ ಕಳಿಸಿದರು. ಇದು ಕಾರ್ಖಾನೆಯ ನೀಲಿ, ಹತ್ತೊಂಬತ್ತನೇ ಶತಮಾನಕ್ಕೆ ಮೊದಲು ಇದು ಪ್ರಪಂಚದಲ್ಲೇ ಇರಲಿಲ್ಲ ಎಂದು ಉತ್ತರ ಬಂತು. ನೀಲಿ ಹೊಸದು, ಅದರ ಮೇಲಿನ ಕೆಂಪು ಅದಕ್ಕಿಂತ ಹೊಸದು. ಎಸ್ತೆರ್ ವರದಿ ಬರೆದರು: ಚಿತ್ರ ಹಳೆಯದಲ್ಲ, ಹಳೆಯದೆಂದು ತೋರಿಸುವ ಪ್ರಯತ್ನ ನಡೆದಂತೆ ಕಾಣುತ್ತದೆ.

ಆ ಕೊನೆಯ ಮಾತು ಬೇಕಿರಲಿಲ್ಲ. ಆದರೆ ಅದನ್ನೇ ಪತ್ರಿಕೆಯವರು ಎತ್ತಿಕೊಂಡರು. ಸರಕಾರದ ಕಣ್ಣಿಗೆ ಮಣ್ಣೆರಚಲು ಹೊರಟ ಯಜಮಾನರೆಂದು ದೂಮಣ್ಣ ಆಳ್ವರನ್ನು ಊರು ಆಡಿಕೊಂಡಿತು. ಅವರು ಒಮ್ಮೆ ಕಾಲೇಜಿಗೆ ಬಂದು, ಸ್ಟಾಫ್ ರೂಮಿನ ಹೊರಗೆ ಕೊಡೆ ಹಿಡಿದು ನಿಂತು ಕೇಳಿದ್ದರು. "ಅದನ್ನು ನಾನು ಬರೆಸಿದ್ದು ಅಂತ ಹೇಳ್ತೀರಾ?"

"ನಾನು ಯಾರ ಹೆಸರೂ ಬರೀಲಿಲ್ಲ" ಎಂದು ಹೇಳಿ ಎಸ್ತೆರ್ ಕ್ಲಾಸಿಗೆ ಹೋದರು. ಮುಂದಿನ ವರ್ಷ ಜೀರ್ಣೋದ್ಧಾರದವರು ಆ ಮಂಟಪ ಒಡೆದು ಗ್ರಾನೈಟಿನದು ಕಟ್ಟಿದರು. ಎಸ್ತೆರ್ ಅವರಿಗೆ ಒಂದರ ಮೇಲೊಂದು ಕರೆ ಬಂತು. ಸುಳ್ಳು ಹಿಡಿಯುವುದಾದರೆ ಮೊಂತೇರೊ ಮೇಡಂ ಬರಬೇಕು ಎಂದಾಯಿತು. ದೂಮಣ್ಣ ಆಳ್ವರು 2011ರಲ್ಲಿ ತೀರಿಕೊಂಡ ಸುದ್ದಿಯನ್ನು ಎಸ್ತೆರ್ ಪತ್ರಿಕೆಯಲ್ಲಿ ಓದಿ, ಪುಟ ಮಗುಚಿದರು.

ಹೋದ ವರ್ಷ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಆ ದೂಮಣ್ಣ ಆಳ್ವರ ತಂಗಿಯ ಮಗ ಚಿತ್ತರಂಜನ ಬಾಗಿಲಲ್ಲಿ ನಿಂತಿದ್ದ. ಸುರತ್ಕಲ್ಲಿನಲ್ಲಿ ಎರಡು ಹೋಟೆಲು ನಡೆಸುವ, ಐವತ್ತರ ಆಸುಪಾಸಿನ ಮನುಷ್ಯ. ಕೂತವನು ನೇರ ವಿಷಯಕ್ಕೆ ಬಂದ.

"ಮೇಡಂ, ಗುಡಿಯ ಒಳಗಿನ ಸುತ್ತಿನಲ್ಲಿ ಒಂದು ಗೋಡೆ ಉಳಿದಿದೆ. ಅದರಲ್ಲೂ ಈಗ ಚಿತ್ರ ಕಾಣ್ತಾ ಉಂಟು. ಕಮಿಟಿಯವರು ಅದಕ್ಕೂ ಗ್ರಾನೈಟ್ ಹಾಕ್ಬೇಕು ಅಂತಾರೆ. ಈ ತಿಂಗಳ ಕೊನೆಯ ಆದಿತ್ಯವಾರ ಮೀಟಿಂಗ್. ನೀವು ನೋಡಿ ಹೇಳ್ಬೇಕು. ಹಳೇದಂತ ಆದ್ರೆ ಉಳೀತದೆ, ಇಲ್ಲಾಂದ್ರೆ ಒಡೀತಾರೆ."

"ನಾನೇ ಯಾಕೆ?"

"ನೀವೇ ಆಗ್ಬೇಕಂತ ಅಮ್ಮ ಹೇಳಿದ್ರು" ಎಂದು ಕೈ ಮುಗಿದು ಎದ್ದ. ಕಾಫಿ ಹಾಗೆಯೇ ಉಳಿಯಿತು.

ಎಸ್ತೆರ್ ಅವರ ತಲೆಯೊಳಗೆ ಹುಳ ಹೊಕ್ಕಿತು. ಸೋದರಮಾವನ ಮಾನ ಕಳೆದವಳನ್ನೇ ಹುಡುಕಿಕೊಂಡು ಬರುತ್ತಾರೆ ಎಂದರೆ ಏನರ್ಥ? ಒಂದೇ ಅರ್ಥ. ಈ ಸಲ ಒಳ್ಳೆಯ ಕೈಯಿಂದ ಚೆನ್ನಾಗಿ ಬರೆಸಿದ್ದಾರೆ. ಇವಳು ಹಳೆಯದು ಎಂದು ಸಹಿ ಹಾಕಲಿ, ಆಮೇಲೆ ಬರೆದವನನ್ನೇ ತಂದು ಪತ್ರಿಕೆಯವರ ಮುಂದೆ ನಿಲ್ಲಿಸೋಣ ಎಂದು ಹೊಂಚು ಹಾಕಿದ್ದಾರೆ.

"ಅಥವಾ ನಿನಗೆ ಚಿತ್ರ ನೋಡ್ಲಿಕ್ಕೆ ಬರ್ತದೆ ಅಂತ ಕರೆದಿರಬಹುದು, ಬಾಯೆ" ಎಂದರು ಆಂಬ್ರೋಸ್, ಅತಿಥಿಯ ಕಾಫಿಯನ್ನು ತಾವು ಎಳೆದುಕೊಂಡು. "ಪಾಪ, ನಿನ್ನ ಮುಖ ನೋಡಿ ಕಾಫಿಯಲ್ಲೂ ಎಂತದೋ ಉಂಟು ಅಂತ ಹೆದರಿ ಹೋದ."

"ನೀನು ಸುಮ್ಮನಿರು" ಎಂದರು ಎಸ್ತೆರ್. ಹೋಗದಿದ್ದರೆ ಹೆದರಿದಳು ಎನ್ನುತ್ತಾರೆ ಎಂದು ಮರುದಿನವೇ ಬಸ್ಸು ಹತ್ತಿದರು.

ಗುಡಿಯಲ್ಲಿ ಕೆಲಸ ನಡೆಯುತ್ತಿತ್ತು. ದೇವರನ್ನು ತಾತ್ಕಾಲಿಕವಾಗಿ ಹೊರಗಿನ ಚಿಕ್ಕ ಬಾಲಾಲಯದಲ್ಲಿ ಇಟ್ಟಿದ್ದರಿಂದ ಒಳಗೆ ಯಾರು ಹೋಗಲೂ ಅಡ್ಡಿಯಿರಲಿಲ್ಲ. ಅಟ್ಟಳಿಗೆಯ ಮೇಲೆ ಕೂತು ಚಿಕ್ಕ ಚಾಕುವಿನಿಂದ ಗೋಡೆಯ ಸುಣ್ಣ ಬಿಡಿಸುತ್ತಿದ್ದವಳನ್ನು ನೋಡಿ ಎಸ್ತೆರ್ ಬಾಗಿಲಲ್ಲೇ ನಿಂತರು. ನಿರೀಕ್ಷಾ. ಅವರದೇ ವಿದ್ಯಾರ್ಥಿನಿ. ಹಳೆಯ ಗೋಡೆಗಳನ್ನು ದುರಸ್ತಿ ಮಾಡುವ ಕೆಲಸ ಕಲಿತು ಈಗ ಅದರಲ್ಲೇ ಹೆಸರು ಮಾಡಿದ್ದಾಳೆ. ಕಾವಿ ಅರೆಯುವುದು, ಮಸಿ ಕೂಡಿಸುವುದು, ಹಳೆಯ ಕೈಯ ಹಾಗೆ ಗೆರೆ ಎಳೆಯುವುದು, ಎಲ್ಲ ಹೇಳಿಕೊಟ್ಟವರು ಸ್ವತಃ ಎಸ್ತೆರ್. ಅಂದರೆ ಈ ಊರಿನಲ್ಲಿ ಹದಿನಾರನೇ ಶತಮಾನದ ಕುದುರೆಯನ್ನು ಇವತ್ತು ಬರೆಯಬಲ್ಲ ಕೈ ಯಾವುದಾದರೂ ಇದ್ದರೆ ಅದು ಇದೇ.

"ಮ್ಯಾಮ್, ಬನ್ನಿ. ಜಾಗ್ರತೆ, ಹಲಗೆ ಜಾರ್ತದೆ."

"ಎಷ್ಟು ದಿನದಿಂದ ಇದ್ದಿ ಇಲ್ಲಿ?"

"ಒಂದು ತಿಂಗಳಾಯ್ತು. ಚಿತ್ತರಂಜನಣ್ಣ ಕರೆಸಿದ್ದು."

ಒಂದು ತಿಂಗಳು ಧಾರಾಳ ಸಾಕು. ಎಸ್ತೆರ್ ಅವಳ ಉಗುರು ನೋಡಿದರು. ಉಗುರಿನ ಸಂದಿಯಲ್ಲಿ ಸುಣ್ಣವಿತ್ತು, ಬಣ್ಣವಿರಲಿಲ್ಲ. ತೊಳೆದುಕೊಂಡಿರಬಹುದು.

ಗೋಡೆಯ ಮೇಲೆ ಮತ್ತೆ ಕುದುರೆಗಳು. ಒಂದು ಕುದುರೆ ಹಡಗಿನ ಹಲಗೆಯ ಮೇಲೆ ಕಾಲಿಡಲು ಹೆದರಿ ಹಿಂದಕ್ಕೆ ಜಗ್ಗುತ್ತಿತ್ತು. ಹಗ್ಗ ಹಿಡಿದವನು ಹಲ್ಲು ಕಚ್ಚಿ ಎಳೆಯುತ್ತಿದ್ದ. ಎಷ್ಟು ಚೆಂದವಿತ್ತೆಂದರೆ ಆ ಚೆಂದವೇ ಎಸ್ತೆರ್ ಅವರಿಗೆ ಅನುಮಾನ ತಂದಿತು. ಇಷ್ಟು ಚೆಂದವಾದದ್ದು ತಮಗಾಗಿಯೇ ಕಾದುಕೊಂಡಿತ್ತು ಎನ್ನುವುದನ್ನು ಅವರು ಹೇಗೆ ನಂಬಬೇಕು? ಭೂತಗನ್ನಡಿ ತೆಗೆದರು. ಗೋಡೆಯನ್ನು ಅಂಗುಲ ಅಂಗುಲವಾಗಿ ನೋಡುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಒಂದು ಕೆಂಪು ಚಕ್ಕೆಯ ಅಡಿಯಲ್ಲಿ ನೀಲಿ.

ಅವರಿಗೆ ಸಮಾಧಾನವಾಯಿತು. ಸುಳ್ಳು ಹೇಳುವುದೇಕೆ, ಖುಷಿಯೇ ಆಯಿತು. "ನೀಲಿ ಉಂಟು" ಎಂದರು, ನಿರೀಕ್ಷಾಳ ಮುಖವನ್ನೇ ನೋಡುತ್ತ.

"ಉಂಟು ಮ್ಯಾಮ್, ನಾನೂ ನೋಡಿದೆ" ಎಂದಳು ಅವಳು. ವಾದಿಸಲಿಲ್ಲ, ಬೆವರಲೂ ಇಲ್ಲ. ಎಸ್ತೆರ್ ಅವರಿಗೆ ಅದೂ ಅನುಮಾನಕ್ಕೆ ಕಾರಣವಾಯಿತು.

ಮೂರು ದಿನ ಬಿಟ್ಟು ಮತ್ತೆ ಹೋದರು. ಈ ಸಲ ಮಾತಿನಲ್ಲಿ ಹಿಡಿಯಬೇಕೆಂದು ಹೋದದ್ದು. ಚಿತ್ತರಂಜನನ ತಾಯಿ ಗುಣವತಿಯಮ್ಮ ಗುಡಿಯ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮಲ್ಲಿಗೆ ಕಟ್ಟುತ್ತಿದ್ದರು. ಎಂಬತ್ತರ ಹತ್ತಿರದ ಹೆಂಗಸು. ಎಸ್ತೆರ್ ಎದುರಿಗೆ ಕೂತು ಪೊಲೀಸರ ಹಾಗೆ ಕೇಳತೊಡಗಿದರು. ಆ ಗೋಡೆಗೆ ಕೊನೆಗೆ ಸುಣ್ಣ ಹೊಡೆದದ್ದು ಯಾವಾಗ? ಯಾರು ಹೊಡೆದರು? ಸುಣ್ಣ ಎಲ್ಲಿಂದ ಬಂತು?

"ನಾವೇ ಹೊಡೀತಿದ್ದದ್ದು ಬಾಯಮ್ಮ, ಪ್ರತಿ ವರ್ಷ, ಉತ್ಸವಕ್ಕೆ ಮೊದಲು. ಚಿಪ್ಪಿ ಸುಣ್ಣ ತಂದು ಹಂಡೆಯಲ್ಲಿ ಕಲಸುವುದು. ಬರೀ ಸುಣ್ಣ ಹೊಡೆದ್ರೆ ಗೋಡೆ ಹಳದಿ ಹಳದಿ ಕಾಣ್ತದಲ್ಲ, ಅದಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಚಿಂದಿಯಲ್ಲಿ ಕಟ್ಟಿ ಅದ್ದುವುದು. ಒಂದು ವರ್ಷ ಅಣ್ಣ ಜಾಸ್ತಿ ಅದ್ದಿ ಇಡೀ ಗುಡಿ ನೀಲಿಯಾಗಿ, ಅಮ್ಮನಿಂದ ಬೈಸಿಕೊಂಡಿದ್ದ."

ಎಸ್ತೆರ್ ಅವರಿಗೆ ಮೊದಲು ಬಂದ ಯೋಚನೆ, ಈ ಮುದುಕಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು. ನಿರೀಕ್ಷಾಳೇ ಹೇಳಿಕೊಟ್ಟಿರಬೇಕು. ಆದರೆ ಆ ಯೋಚನೆ ಮುಗಿಯುವ ಮೊದಲೇ ತಮ್ಮ ಅಪ್ಪ ನೆನಪಾದರು. ಕ್ರಿಸ್ಮಸ್ಸಿಗೆ ವಾರವಿರುವಾಗ, ಮನೆಯ ಹಿಂದೆ, ತಗಡಿನ ಡಬ್ಬಿಯಲ್ಲಿ ಸುಣ್ಣ ಕಲಸುತ್ತ ಕೂತ ಅಪ್ಪ. ನೀಲಿಯ ಗಂಟನ್ನು ಅದ್ದಿ ಹಿಂಡಲು ಕೈ ಚಾಚುತ್ತಿದ್ದ ತಾವು. ಹಬ್ಬದ ಹೊತ್ತಿಗೂ ಬೆರಳಿನಿಂದ ಹೋಗುತ್ತಿರಲಿಲ್ಲ ಆ ನೀಲಿ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎದ್ದು ಒಳಗೆ ಹೋದರು. "ನಿರೀಕ್ಷಾ, ಮೇಲಿನ ಬಿರುಕಿಗೆ ಸ್ವಲ್ಪ ನೀರು ಬಿಡು."

ನಿರೀಕ್ಷಾ ಗಾಜಿನ ನಳಿಗೆಯಿಂದ ನಾಲ್ಕು ಹನಿ ಬಿಟ್ಟಳು. ಇಬ್ಬರೂ ಕಾದರು. ಒಂದು ಗೇಣು ಕೆಳಗೆ, ಆ ಕೆಂಪು ಚಕ್ಕೆಯ ಅಡಿಯಿಂದ ನೀರು ಹೊರಗೆ ಬಂತು. ನೀರು ದಾಟಿದ ದಾರಿಯಲ್ಲಿ ನೀರಿನಂತಹ ಸುಣ್ಣವೂ ದಾಟುತ್ತದೆ, ಅದರ ಜೊತೆ ನೀಲಿಯೂ. ಎಸ್ತೆರ್ ಹತ್ತಿಯನ್ನು ಒದ್ದೆ ಮಾಡಿ ಚಕ್ಕೆಯ ಅಡಿಯನ್ನು ಮೆತ್ತಗೆ ಒರೆಸಿದರು. ನೀಲಿಯೆಲ್ಲ ಹತ್ತಿಗೆ ಬಂತು. ಅಡಿಯಲ್ಲಿ ಉಳಿದದ್ದು ಹಳೆಯ ಗಾರೆ ಮಾತ್ರ. ನೀಲಿ ಚಿತ್ರದ ಕೆಳಗಿನದಾಗಿರಲಿಲ್ಲ. ಚಿತ್ರವನ್ನು ಮುಚ್ಚಿದ ಸುಣ್ಣ ಮೇಲಿನಿಂದ ಒಳಗೆ ಇಳಿದದ್ದು.

"ನಿನಗೆ ಗೊತ್ತಿತ್ತಾ?"

"ಮೂರು ವಾರದಿಂದ ಗೊತ್ತುಂಟು ಮ್ಯಾಮ್."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ?"

"ನಾನು ಹೇಳಿದ್ರೆ ನೀವು ನಂಬ್ತಿದ್ರಾ?"

ಎಸ್ತೆರ್ ಹೊರಗೆ ಬಂದು ಗುಣವತಿಯಮ್ಮನ ಪಕ್ಕದಲ್ಲಿ ನಿಂತು ಕೇಳಿದರು, "ನನ್ನನ್ನೇ ಯಾಕೆ ಕರೆಸಿದ್ರಿ? ನಿಜ ಹೇಳಿ."

ಗುಣವತಿಯಮ್ಮ ಹೂವಿನಿಂದ ಕಣ್ಣು ತೆಗೆಯಲಿಲ್ಲ. "ಬೇರೆ ಯಾರು ಹಳೇದು ಅಂದ್ರೂ ನಾವು ಹೇಳಿಸಿದ್ದು ಅಂತಾರೆ. ಸುಳ್ಳು ಅಂತ ನೀವು ಹೇಳಿದಾಗ ಇಡೀ ಊರು ನಂಬಿತಲ್ಲ. ಹಾಗೆ ನಂಬುವುದು ನಿಮ್ಮ ಮಾತನ್ನು ಮಾತ್ರ." ದಾರ ಬಿಗಿದು ಹೇಳಿದರು, "ಅಣ್ಣ ಆಮೇಲೆ ಉತ್ಸವದ ದಿನವೂ ಗುಡಿಗೆ ಬರ್ತಿರಲಿಲ್ಲ, ಗೊತ್ತುಂಟಾ ನಿಮಗೆ? ಎಂಟು ವರ್ಷ. ಮನೆಯಿಂದಲೇ ಕೈ ಮುಗೀತಿದ್ದ."

ಮನೆಗೆ ಬಂದ ಎಸ್ತೆರ್ ಕಪಾಟಿನಿಂದ 2003ರ ಫೋಟೋಗಳನ್ನು ತೆಗೆದು ಊಟದ ಮೇಜಿನ ಮೇಲೆ ಹರಡಿದರು. ಒಡೆದುಹೋದ ಮಂಟಪದ ಗೋಡೆಯದೆಂದು ಉಳಿದದ್ದು ಅವಷ್ಟೇ. ಆಗ ಅವರು ಆಕಾಶವೆಂದು ತಿಳಿದಿದ್ದ ನೀಲಿ, ಕುದುರೆಯ ಮುಖದ ಮೇಲಿಂದ, ಸವಾರನ ಟೋಪಿಯ ಮೇಲಿಂದ ಕೆಳಗೆ ಇಳಿದು ಬಂದಿತ್ತು. ಸುಣ್ಣ ಹೊಡೆಯುವಾಗ ಬ್ರಶ್ಶಿನಿಂದ ತೊಟ್ಟಿಕ್ಕಿದ ಗೆರೆಗಳು. ಎಳೆಯ ಮಗುವಿಗೂ ಕಾಣುವ ಹಾಗಿತ್ತು. ಎಲ್ಲರನ್ನೂ ಅನುಮಾನಿಸಿದ ಅವರು ಪ್ರಯೋಗಾಲಯದ ಕಾಗದವನ್ನು ಅನುಮಾನಿಸಲಿಲ್ಲ, ಗೋಡೆ ಕೆರೆದ ತಮ್ಮ ಕೈಯನ್ನಂತೂ ಅನುಮಾನಿಸಲೇ ಇಲ್ಲ. ಕಾಗದ ಸುಳ್ಳು ಹೇಳಿರಲಿಲ್ಲ. ಅವರು ಕಳಿಸಿದ್ದೇ ಸುಣ್ಣವನ್ನು.

"ಎಂತ ಆಯ್ತು ಬಾಯೆ?" ಎಂದು ಆಂಬ್ರೋಸ್ ಬಂದು ನಿಂತರು.

"ಆ ಗೋಡೆ ನಿಜವಾದದ್ದಾಗಿತ್ತು" ಎಂದು ಎಸ್ತೆರ್ ಅತ್ತರು. ಅರುವತ್ತೆರಡು ವರ್ಷದ ತಂಗಿ ಹಾಗೆ ಅಳುವುದನ್ನು ಆಂಬ್ರೋಸ್ ಎಂದೂ ನೋಡಿರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತರು.

ಆಮೇಲಿನ ದಿನಗಳಲ್ಲಿ ಅವರು ತಮ್ಮ ಮೇಲೆಯೇ ಕಣ್ಣಿಟ್ಟರು. ಒಂದು ಉಪಾಯವಂತೂ ಕೈಗೆಟುಕುವ ಹಾಗೆ ಇತ್ತು. ಈಗಿನ ಗೋಡೆಯ ಬಗ್ಗೆ ಮಾತ್ರ ಬರೆಯುವುದು, ಹಳೆಯದರ ಸುದ್ದಿ ಎತ್ತದಿರುವುದು. ಅದು ಬೇರೆ ಗೋಡೆ, ಇದು ಬೇರೆ ಗೋಡೆ ಎಂದರೆ ಅಲ್ಲ ಎನ್ನಲು ಯಾರಿಗೂ ಸಾಧ್ಯವಿಲ್ಲ. ಹೆಸರು ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಎರಡು ಸಲ ಹಾಗೆಯೇ ಬರೆದರು. ಎರಡು ಸಲವೂ ಓದಿ ನೋಡಿದಾಗ, ಇದನ್ನು ಬೇರೆ ಯಾರಾದರೂ ಬರೆದು ತಂದಿದ್ದರೆ ಮೊದಲ ಪುಟದಲ್ಲೇ ಇವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಹಿಡಿಯುತ್ತಿದ್ದೆ ಎನಿಸಿತು. ಹರಿದು ಹಾಕಿದರು.

ತಿಂಗಳ ಕೊನೆಯ ಆದಿತ್ಯವಾರ ಗ್ರಾನೈಟಿನ ಮಂಟಪದಲ್ಲೇ ಮೀಟಿಂಗು. ಐವತ್ತು ಅರುವತ್ತು ಜನ ಸೇರಿದ್ದರು. ಎಸ್ತೆರ್ ವರದಿ ಓದಿದರು. ಒಳಗಿನ ಗೋಡೆಯ ಚಿತ್ರ ಹದಿನಾರನೇ ಶತಮಾನದ್ದು ಎಂದು ನಂಬಲು ಕಾರಣಗಳನ್ನು ಹೇಳಿದರು. ನೀಲಿ ಎಲ್ಲಿಂದ ಬಂತೆಂದು ಹೇಳಿದರು. ಮುಂದಿನ ಪುಟ ಮಗುಚುವ ಮೊದಲೇ ಕಮಿಟಿಯ ಕಾರ್ಯದರ್ಶಿ ರಿತೇಶ್ ಎದ್ದ. ಗ್ರಾನೈಟಿನ ಪರವಾಗಿ ಓಡಾಡಿದವನು ಅವನೇ.

"ಅಲ್ಲ ಮೇಡಂ, ನೀಲಿ ಉಂಟು, ಸುಳ್ಳು ಅಂತ ಅವತ್ತು ಬರೆದದ್ದು ನೀವು. ನೀಲಿ ಉಂಟು, ಆದ್ರೂ ನಿಜ ಅಂತ ಇವತ್ತು ಹೇಳುವುದೂ ನೀವು. ಯಾವುದನ್ನು ನಂಬುವುದು ಮಾರಾಯ್ರೆ? ಚಿತ್ತಣ್ಣನ ಹೋಟೆಲಿನ ಊಟ ಅಷ್ಟು ರುಚಿ ಉಂಟಾ?"

ಕೆಲವರು ನಕ್ಕರು. ಚಿತ್ತರಂಜನ ಸಿಟ್ಟಿನಿಂದ ಎದ್ದ. ಎಸ್ತೆರ್ ಕೈ ಎತ್ತಿ ಅವನನ್ನು ಕೂರಿಸಿದರು. ಮುಖ ಕೆಂಪಾಗಿತ್ತು, ಆದರೆ ರಿತೇಶನ ಮೇಲೆ ಕೋಪಿಸಿಕೊಳ್ಳಲು ಅವರಿಂದಾಗಲಿಲ್ಲ. ಅವನ ಜಾಗದಲ್ಲಿ ತಾವಿದ್ದರೆ ಇದನ್ನೇ ಕೇಳುತ್ತಿದ್ದರು.

"ನನ್ನನ್ನು ನಂಬಬೇಡಿ" ಎಂದರು. "ನೀವೇ ಬಂದು ಒರೆಸಿ ನೋಡಿ."

ಅವನನ್ನು ಒಳಗೆ ಕರೆದುಕೊಂಡು ಹೋಗಿ ಒದ್ದೆ ಹತ್ತಿ ಕೈಗೆ ಕೊಟ್ಟರು. ಜನ ಬಾಗಿಲಿಗೆ ಮುತ್ತಿಕೊಂಡಿತು. ರಿತೇಶ್ ಹುಬ್ಬು ಗಂಟಿಕ್ಕಿಕೊಂಡೇ, ಕುದುರೆಯ ಮುಖದ ಮೇಲೆ ಇನ್ನೂ ಉಳಿದಿದ್ದ ತೆಳು ಸುಣ್ಣವನ್ನು ಒರೆಸಿದ. ಹತ್ತಿ ನೀಲಿಯಾಯಿತು. ಅದನ್ನು ತಿರುಗಿಸಿ ನೋಡಿದ, ಮೂಸಿಯೂ ನೋಡಿದ. ಮತ್ತೊಂದು ಹತ್ತಿ ಕೇಳಿ ಪಡೆದು ಒರೆಸಿದ. ಹಿಂದಕ್ಕೆ ಜಗ್ಗುವ ಕುದುರೆಯ ಕಣ್ಣು ತೆರೆದುಕೊಂಡಿತು. ಹೆದರಿದ, ಬಿಳಿ ಅಗಲವಾಗಿ ಕಾಣುವ ಕಣ್ಣು. ರಿತೇಶ್ ಕೈ ಕೆಳಗಿಳಿಸಿದ.

ತಿರುಗಿ ಹೊರಗಿನ ಮಂಟಪದ ಕಡೆ ನೋಡಿ, ಮೆಲ್ಲಗೆ ಕೇಳಿದ. "ಅದು? ಮೊದಲು ಅಲ್ಲಿ ಇದ್ದದ್ದು?"

"ಅದೂ ಹೀಗೇ ಇತ್ತು" ಎಂದರು ಎಸ್ತೆರ್. ಕಾಗದ ನೋಡಬೇಕಾಗಲಿಲ್ಲ. "ದೂಮಣ್ಣ ಆಳ್ವರು ಯಾರ ಕೈಯಿಂದಲೂ ಬರೆಸಿದ್ದಲ್ಲ. ಅವರು ಹೇಳಿದ್ದು ನಿಜ, ನಾನು ಬರೆದದ್ದು ಸುಳ್ಳು. ಆ ಗೋಡೆ ಬಿದ್ದದ್ದು ನನ್ನಿಂದ."

ಒಳಗಿನ ಗೋಡೆಯನ್ನು ಮುಟ್ಟುವುದು ಬೇಡ ಎಂದು ಅಧ್ಯಕ್ಷರು ಹೇಳಿದರು, ಎಲ್ಲರೂ ಒಪ್ಪಿದರು, ಬರೆದುಕೊಂಡದ್ದೂ ಆಯಿತು. ಜನ ಮಂಟಪಕ್ಕೆ ವಾಪಸ್ಸು ಬಂದು ಕೂತರು. ಎಸ್ತೆರ್ ಕಾಗದ ಮಡಚಿ ಚೀಲಕ್ಕೆ ಹಾಕಿ ಹೊರಡಲು ನೋಡಿದಾಗ ಗುಣವತಿಯಮ್ಮ ಕೂತಲ್ಲಿಂದಲೇ ಅವರ ಕೈ ಹಿಡಿದರು. ಹಿಡಿತ ಗಟ್ಟಿಯಿತ್ತು.

"ಇನ್ನೊಮ್ಮೆ ಹೇಳಿ ಬಾಯಮ್ಮ" ಎಂದರು. "ಹಿಂದೆ ಕೂತವರಿಗೆ ಕೇಳ್ಲಿಲ್ಲ."

ಎಸ್ತೆರ್ ಚೀಲ ಕೆಳಗಿಟ್ಟು, ಜನರ ಕಡೆ ತಿರುಗಿ, ಜೋರಾಗಿ ಇನ್ನೊಮ್ಮೆ ಹೇಳಿದರು.